ತಂಗಿಯ ಕೆನ್ನೆಯ ಕೆಂಪು

ನನ್ನ ತಂಗಿಯ ಗಂಡನ ಕೈ ಮುರಿದವನು ನಾನೇ. ಸುತ್ತಿ ಬಳಸಿ ಹೇಳುವ ಜಾಯಮಾನ ನನ್ನದಲ್ಲ. ಆಗ ನಾನು ಕೊಟ್ಟೂರಿನ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದೆ. ಗಿರಾಕಿ ಎರಡು ಸಲ ಅದೇ ಪ್ರಶ್ನೆ ಕೇಳಿದರೆ ಡಬ್ಬಿ ಕುಕ್ಕಿ ಬೇರೆ ಅಂಗಡಿ ತೋರಿಸುವಷ್ಟು ಸಿಟ್ಟಿನವನು. ತಂಗಿಯನ್ನು ಹಗರಿಬೊಮ್ಮನಹಳ್ಳಿಯ ಒಬ್ಬ ಟೇಲರ್‌ಗೆ ಕೊಟ್ಟು ಒಂದು ವರ್ಷವಾಗಿತ್ತು. ಮನೆ ಅಳಿಯನದು ಮಾತು ಕಡಿಮೆ. ಅಂಥ ಗಂಡಸರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ಒಂದು ದಿನ ಮಧ್ಯಾಹ್ನ ಹೇಳದೆ ಕೇಳದೆ ಅವರ ಮನೆಗೆ ಹೋದೆ. ತಂಗಿ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ತಿರುಗಿ ನೋಡಿದಳು. ಎರಡೂ ಕೆನ್ನೆ ಕೆಂಪಗೆ ಊದಿದ್ದವು, ಕಣ್ಣಲ್ಲಿ ನೀರು. ಯಾರು ಹೊಡೆದರು ಎಂದೆ. ಯಾರೂ ಇಲ್ಲ, ಒಲೆಯ ಝಳಕ್ಕೆ, ಬಿಸಿಲಿಗೆ ಹೀಗೇ ಉರಿಯುತ್ತದೆ ಎಂದಳು. ಗಂಡನ ಏಟು ತಿಂದ ಹೆಣ್ಣುಮಗಳು ತವರಿನವರ ಮುಂದೆ ನಿಜ ಹೇಳುತ್ತಾಳೆಯೇ? ನನ್ನ ಸಿಟ್ಟು ನೆತ್ತಿಗೇರಿತು.

ಅಷ್ಟರಲ್ಲಿ ಅಳಿಯ ಒಳಗೆ ಬಂದ. ಅವನು ಬರ್ರಿ ಎನ್ನುವುದಕ್ಕೆ ಮುಂಚೆಯೇ ಕಪಾಳಕ್ಕೆ ಬಾರಿಸಿದೆ. ಬಿದ್ದವನ ಪಕ್ಕೆಗೆ ಒದ್ದೆ. ಹೆಣ್ಣಿನ ಮೇಲೆ ಎತ್ತುವ ಕೈ ಇದೇನಾ ಎಂದು ಬಲಗೈಯನ್ನು ಬೆನ್ನ ಹಿಂದೆ ತಿರುಚಿದೆ. ಲಟಕ್ಕೆಂದಿತು. ಅವನು ಚೀರಿದ. ತಂಗಿ ರೊಟ್ಟಿ ಮಣೆಯಿಂದ ನನ್ನ ಬೆನ್ನಿಗೆ ಒಂದೇ ಸಮನೆ ಹೊಡೆಯುತ್ತಿದ್ದಳಂತೆ. ನನಗೆ ಅದು ಗೊತ್ತಾದದ್ದು ಮರುದಿನ, ಮೈ ಕೈ ನೋವು ಬಂದಾಗ.

ಹೊಸಪೇಟೆಯ ಆಸ್ಪತ್ರೆಗೆ ಮೂವರೂ ಹೋದೆವು. ಒಳಗೆ ಅವನಿಗೆ ಪ್ಲಾಸ್ಟರ್ ಹಾಕುವಾಗ ನರ್ಸಮ್ಮ ತಂಗಿಯ ಮುಖ ನೋಡಿ, ಪಕ್ಕದ ಕೋಣೆಯ ಚರ್ಮದ ಡಾಕ್ಟರ್ ಹತ್ತಿರ ಕಳಿಸಿದರು. ನಾನೂ ಹಿಂದೆಯೇ ಹೋದೆ. ಮುಖಕ್ಕೆ ಏನು ಹಚ್ಚುತ್ತೀ ಎಂದು ಡಾಕ್ಟರಮ್ಮ ಕೇಳಿದರು. ತಂಗಿ ಚೀಲದಿಂದ ಒಂದು ಟ್ಯೂಬ್ ತೆಗೆದಳು.

ಆ ಟ್ಯೂಬ್ ಕೊಟ್ಟವನು ನಾನು. ಮದುವೆಗೆ ಮುಂಚೆ, ಹುಡುಗಿ ಸ್ವಲ್ಪ ಬೆಳ್ಳಗಾಗಲಿ ಎಂದು ಅಂಗಡಿಯಿಂದ ತಂದುಕೊಟ್ಟಿದ್ದೆ. ಆಮೇಲೆ ಪ್ರತಿ ತಿಂಗಳೂ ಬಸ್ಸಿನಲ್ಲಿ ಕಳಿಸುತ್ತಿದ್ದೆ. ಕೂಡ್ಲಿಗಿಯಿಂದ, ಉಜ್ಜಿನಿಯಿಂದ ಬಂದ ಎಷ್ಟೋ ಹೆಣ್ಣುಮಕ್ಕಳಿಗೂ ಡಾಕ್ಟರ ಚೀಟಿ ಕೇಳದೆ ಅದನ್ನೇ ಕೊಟ್ಟಿದ್ದೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮುಖ ಹೀಗೆ ಕೆಂಪೇರಿ ಉರಿಯುವುದಕ್ಕೆ ರೊಸೇಶಿಯಾ ಅನ್ನುತ್ತಾರೆ, ಇವಳ ಚರ್ಮ ಮೊದಲೇ ಸೂಕ್ಷ್ಮ, ಟ್ಯೂಬಿನಲ್ಲಿರುವ ಸ್ಟೆರಾಯ್ಡ್ ಅದನ್ನು ತೆಳುವಾಗಿಸಿ ಕೆರಳಿಸಿದೆ ಎಂದರು. ಹಚ್ಚುವುದು ಬಿಟ್ಟ ಮೇಲೆ ಕೆಲವು ವಾರ ಇನ್ನೂ ಉರಿಯುತ್ತದೆ, ತಡೆಯಲಾರದೆ ಮತ್ತೆ ಅದನ್ನೇ ಹಚ್ಚಬಾರದು. ಕಡಲೆಹಿಟ್ಟು ಹಾಕಿ ತಿಕ್ಕಬಾರದು. ಬಿಸಿಲಿಗೆ ಛತ್ರಿ, ಸನ್‌ಸ್ಕ್ರೀನ್ ಬೇಕು. ಒಲೆಯ ಝಳ, ಕುದಿಯುವ ಚಹಾ, ಖಾರ, ಯಾವುದರಿಂದ ಕೆರಳುತ್ತದೆ ಎಂದು ಅವಳೇ ಗಮನಿಸಬೇಕು. ಪೂರ್ತಿ ಹೋಗುವ ರೋಗವಲ್ಲ, ಹತೋಟಿಯಲ್ಲಿ ಇಡಬಹುದು. ಹೀಗೆಂದು ಹಚ್ಚಲು ಬೇರೆ ಔಷಧಿ ಬರೆದುಕೊಟ್ಟರು.

ಹೊರಗೆ ಬೆಂಚಿನ ಮೇಲೆ ಅಳಿಯ ಪ್ಲಾಸ್ಟರ್ ಕೈ ಎದೆಗಿಟ್ಟುಕೊಂಡು ಕೂತಿದ್ದ. ತಂಗಿ ಅವನ ಪಕ್ಕ ಕೂತು ನನ್ನನ್ನು ನೋಡಿದಳು.

"ನನ್ ಮಕ ಸುಟ್ಟೋನೂ ನೀನ, ಇವ್ರ ಕೈ ಮುರಿದೋನೂ ನೀನ. ಇವ್ರು ಬಾ ಅನ್ನೋತನ ನಮ್ಮನಿಗೆ ಬರಬ್ಯಾಡ."

ನನಗಿರುವುದು ಒಬ್ಬಳೇ ತಂಗಿ. ಅವಳು ಆಡಿದರೆ ಆಡಿದ್ದೇ. ಅಲ್ಲಿಂದ ಮೂರು ತಿಂಗಳು ಸುದ್ದಿ ಗೊತ್ತಾಗುತ್ತಿದ್ದುದು ಅವ್ವನ ಬಾಯಿಂದ ಮಾತ್ರ. ಟ್ಯೂಬ್ ಬಿಟ್ಟ ಮೇಲೆ ಮುಖವೆಲ್ಲ ಗುಳ್ಳೆ ಎದ್ದು ತಂಗಿ ಅದರ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ನರಳಿದಳಂತೆ. ಝಳ ತಾಗಬಾರದೆಂದು ಅಳಿಯ ಅವಳನ್ನು ಒಲೆಯ ಹತ್ತಿರ ಬಿಡದೆ ಎಡಗೈಯಲ್ಲೇ ಅನ್ನಕ್ಕಿಡುತ್ತಿದ್ದನಂತೆ. ಅದನ್ನು ಕೇಳಿ ನಾನು ಅತ್ತೆ. ಮುಚ್ಚಿಡುವುದೇನಿದೆ?

ಕೊನೆಗೊಂದು ದಿನ ಅಳಿಯ ಬರಲು ಹೇಳಿದ್ದಾನೆ ಎಂದು ಅವ್ವ ತಿಳಿಸಿದಳು. ಓಡಿದೆ. ತಂಗಿಯ ಕೆನ್ನೆಯ ಕೆಂಪು ಎಷ್ಟೋ ಇಳಿದಿತ್ತು. ಅವನು ಹೊಲಿಗೆ ಮಷಿನ್ ಮುಂದೆ ಕೂತು ಕತ್ತರಿಯಲ್ಲಿ ಬೆರಳು ತೂರಿಸಲು ಹೆಣಗುತ್ತಿದ್ದ. ಎದ್ದು ನಿಂತು ನಕ್ಕ.

"ಬರ್ರಿ, ಕುಂದರ್ರಿ. ಆಗಿದ್ದು ಆಗೋತು."

ತಪ್ಪಾಯಿತು ಎಂದು ಅವನ ಕೈ ಹಿಡಿದುಕೊಳ್ಳಲು ನನ್ನ ಕೈ ಎತ್ತಿದೆ. ಅವನು ಕಣ್ಣು ಬಿಗಿಯಾಗಿ ಮುಚ್ಚಿ, ಗೋಡೆಗೆ ಸರಿದು, ಎರಡೂ ಮೊಣಕೈ ಮುಖಕ್ಕೆ ಅಡ್ಡ ಹಿಡಿದ.