ಉಡದಾರದ ಜಾಗ

ಬಕೆಟ್ ಸೀಟು ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ನಮ್ಮವ್ವ ಒಲೆ ಬಿಟ್ಟು ಎದ್ದು ಬಂದಳು.

"ಬಕೀಟಿನ್ಯಾಗ ಕುಂದರಸ್ತೀಯೇನ ಅಕಿನ್ನ? ಬ್ಯಾರೆ ಏನೂ ಸಿಗಲಿಲ್ಲೇನ ನಿನಗ?"

ಅಕ್ಕ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ಬೆಳಗಿನಿಂದ ಅದೇ ಸೀಟಿನ ಸಲುವಾಗಿ ಕಂಡಕಂಡವರಿಗೆಲ್ಲ ಫೋನ್ ಮಾಡಿ ನನ್ನ ತಲೆ ಕೆಟ್ಟು ಹೋಗಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ. ಅಕ್ಕನೇ ಅವ್ವನಿಗೆ ಫೋನಿನಲ್ಲಿ ಚಿತ್ರ ತೋರಿಸಿದಳು. ಕೆಂಪು, ಕಪ್ಪು ಬಣ್ಣದ ಸೀಟು. ಎರಡೂ ಪಕ್ಕಕ್ಕೆ ದಪ್ಪನೆಯ ಗೋಡೆಗಳಿದ್ದು, ಕುಳಿತವರನ್ನು ಪಕ್ಕೆಲುಬಿನ ಹತ್ತಿರ ಗಟ್ಟಿಯಾಗಿ ಹಿಡಿಯುವಂಥದ್ದು. ಜೋರಾಗಿ ಕಾರು ಓಡಿಸುವ ಹುಡುಗರು ಷೋಕಿಗೆ ಹಾಕಿಸಿಕೊಳ್ಳುವ ಸೀಟು ಅದು. ಗಣಿತದ ಟೀಚರಾದ ನಮ್ಮ ಅಕ್ಕನಿಗೆ ಅದು ಷೋಕಿಗೆ ಬೇಕಾಗಿರಲಿಲ್ಲ.

ಅಕ್ಕನಿಗೆ ಚಿಕ್ಕಂದಿನಲ್ಲಿ ಬಂದ ಜ್ವರ ಎರಡೂ ಕಾಲಿನ ಬಲ ತೆಗೆದುಕೊಂಡು ಹೋಗಿತ್ತು. ಬೆನ್ನನ್ನೂ ಅರ್ಧಕ್ಕೆ ಸೋಲಿಸಿತ್ತು. ಕೈಗಳನ್ನು ಮಾತ್ರ ಮುಟ್ಟಿರಲಿಲ್ಲ. ಆ ಕೈಗಳಿಂದಲೇ ಅವಳು ಓದಿದಳು, ನೌಕರಿ ಹಿಡಿದಳು, ಕರಿಹಲಗೆಯ ಅರ್ಧದವರೆಗೆ ಎಟುಕುವಷ್ಟು ಬರೆದು ಉಳಿದರ್ಧಕ್ಕೆ ಮಕ್ಕಳನ್ನು ಎಬ್ಬಿಸಿ ಬರೆಸಿದಳು. ಅವಳ ಹೈಸ್ಕೂಲು ಸುರಪುರದ ಆಚೆ, ನಮ್ಮ ಮನೆ ಶಹಾಪುರದಲ್ಲಿ. ಮೊದಲು ಜೀಪಿನವರು ಎತ್ತಿ ಕೂಡಿಸುತ್ತಿದ್ದರು, ಎತ್ತಿ ಇಳಿಸುತ್ತಿದ್ದರು. ಆಮೇಲೆ ಅವಳೇ ಒಂದು ಹಳೆಯ ಕಾರು ಕೊಂಡಳು. ಗೇರು ತಾನೇ ಬದಲಾಗುವ ಗಾಡಿ. ಕಲಬುರಗಿಯಲ್ಲಿ ಅದಕ್ಕೆ ಕೈಯಿಂದಲೇ ಬ್ರೇಕ್ ಒತ್ತುವ, ಕೈಯಿಂದಲೇ ವೇಗ ಏರಿಸುವ ಸಲಾಕೆ ಹಾಕಿಸಿಕೊಂಡು ಬಂದಳು. ಲೈಸೆನ್ಸೂ ಆಯಿತು.

ನೇರ ರಸ್ತೆಯಲ್ಲಿ ಅಕ್ಕನಷ್ಟು ಚಂದ ಕಾರು ಓಡಿಸುವವರನ್ನು ನಾನು ನೋಡಿಲ್ಲ. ಆದರೆ ತಿರುವು ಬಂತೆಂದರೆ ಅವಳ ಮೈ ವಾಲುತ್ತಿತ್ತು. ಬಲಕ್ಕೆ ತಿರುಗಿದರೆ ನನ್ನ ಕಡೆಗೆ, ಎಡಕ್ಕೆ ತಿರುಗಿದರೆ ಬಾಗಿಲ ಕಡೆಗೆ. ಬೆನ್ನು ನಿಲ್ಲದವರಿಗೆ ಕಂಪನಿಯ ಚಪ್ಪಟೆ ಸೀಟು ಏನು ಆಸರೆ ಕೊಟ್ಟೀತು? ಹಾಗಾಗಿ ದಿನಾ ಬೆಳಿಗ್ಗೆ ತಂಗಿಯಾದ ನಾನು ಪಕ್ಕದಲ್ಲಿ ಕುಳಿತು, ತಿರುವಿಗೊಮ್ಮೆ ಕೈ ಅಡ್ಡ ಹಿಡಿದು, ಅವಳನ್ನು ಶಾಲೆಗೆ ಮುಟ್ಟಿಸಿ, ಬಸ್ಸು ಹತ್ತಿ ಶಹಾಪುರಕ್ಕೆ ವಾಪಸು ಬಂದು ನನ್ನ ಆಫೀಸು ಸೇರುತ್ತಿದ್ದೆ. ಸಂಜೆ ಮತ್ತೆ ಅದೇ ಓಡಾಟ. ಆಫೀಸಿನವರು ನನಗೆ ಕ್ಲೀನರ್ ಎಂದು ಹೆಸರಿಟ್ಟಿದ್ದರು.

ಹೀಗಿರುವಾಗ ನನಗೆ ಯಾದಗಿರಿಗೆ ವರ್ಗವಾಯಿತು. ಯಾದಗಿರಿ ಒಂದು ದಿಕ್ಕು, ಸುರಪುರ ಇನ್ನೊಂದು ದಿಕ್ಕು. ಬರುವ ತಿಂಗಳಿನಿಂದ ಕ್ಲೀನರ್ ಇಲ್ಲ. ಸೋದರಮಾವ ಬಂದು, "ಇಲ್ಲೇ ಶಹಾಪುರದಾಗ ಯಾವದರ ಆಫೀಸಿಗೆ ಹಾಕಿಸ್ಕೋ, ಖುರ್ಚಿ ಮ್ಯಾಲೆ ಕುಂತು ಸಹಿ ಮಾಡೂ ಕೆಲಸ, ಆರಾಮ್ ಇರ್ತದ" ಎಂದು ಬುದ್ಧಿ ಹೇಳಿ ಹೋದರು. ಅಕ್ಕ ತಟ್ಟೆಯಲ್ಲಿನ ರೊಟ್ಟಿ ಮುರಿಯುತ್ತ ಕುಳಿತಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ನಾ ಮಕ್ಕಳನ್ನ ಬಿಡಂಗಿಲ್ಲ. ಒಬ್ಬಾಕಿನೇ ಹೋಗ್ತೀನಿ" ಎಂದಳು. ಆ ಮಾತಿನಿಂದಲೇ ಸೀಟಿನ ಹುಡುಕಾಟ ಶುರುವಾದದ್ದು.

ಯಾದಗಿರಿಯಲ್ಲಿ ಸ್ಟೇಷನ್ನಿನ ಕಡೆಗೆ ಒಂದು ಗ್ಯಾರೇಜಿದೆ. ಕಾರುಗಳಿಗೆ ಸೀಟು ಕವರು, ಹಾಡಿನ ಡಬ್ಬಿ, ಬಣ್ಣದ ದೀಪ ಹಾಕುವ ಗ್ಯಾರೇಜು. ಅದರ ಉಸ್ತಾದ್ ಅತ್ತರು ಪೂಸಿಕೊಂಡು, ತಲೆಯ ಮೇಲೆ ಕಪ್ಪು ಕನ್ನಡಕ ಏರಿಸಿಕೊಂಡು, ತನ್ನ ಕೆಲಸದ ಬಗ್ಗೆ ತಾನೇ ವಾಹ್ ವಾಹ್ ಎನ್ನುವ ಮನುಷ್ಯ. ಹೈದರಾಬಾದಿನಿಂದ ಸೀಟು ತರಿಸಿದ್ದೂ ಅವನೇ. ನಾವು ಭೀಮಾ ಸೇತುವೆ ದಾಟಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೀಟಿನ ಪ್ಲಾಸ್ಟಿಕ್ ಹರಿದು, ಒರೆಸಿ, ಮದುಮಗನನ್ನು ಕೂಡಿಸುವ ಖುರ್ಚಿಯ ಹಾಗೆ ನಡುವೆ ಇಟ್ಟಿದ್ದ. ಅವ್ವನೂ ಬಂದಿದ್ದಳು. ಬಗಲಲ್ಲಿ ಹಳೆಯ ಸೀರೆಗಳಿಂದ ತಾನೇ ಹೊಲಿದ ಒಂದು ಸಣ್ಣ ಕೌದಿ.

ಹಳೆಯ ಸೀಟು ಬಿಚ್ಚಿ ಹೊಸದು ಕೂಡಿಸಿ ಬೋಲ್ಟು ಬಿಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನಾನೂ ಅವ್ವನೂ ಅಕ್ಕನನ್ನು ಹಿಡಿದು ಒಳಗೆ ಕೂಡಿಸಿದೆವು. ಎರಡೂ ಪಕ್ಕದ ಗೋಡೆಗಳು ಅವಳ ಪಕ್ಕೆಲುಬಿಗೆ ಸರಿಯಾಗಿ ಬಂದು ನಿಂತವು. ಅಕ್ಕ ಮೊದಲು ಸ್ಟೇರಿಂಗ್ ಹಿಡಿದಳು. ಆಮೇಲೆ ಒಂದು ಕೈ ಬಿಟ್ಟಳು. ಇನ್ನೊಂದನ್ನೂ ಬಿಟ್ಟಳು. ಎರಡೂ ಕೈ ಮೇಲೆತ್ತಿ ಹಾಗೇ ಕುಳಿತಳು.

"ನೋಡಬೇ, ಎರಡೂ ಕೈ ಬಿಟ್ಟು ಕುಂತೀನಿ."

ಹಾಸಿಗೆಯಲ್ಲಾಗಲಿ, ಖುರ್ಚಿಯಲ್ಲಾಗಲಿ, ಅಕ್ಕ ಒಂದು ಕೈಯನ್ನಾದರೂ ಊರದೆ ಕುಳಿತದ್ದನ್ನು ನಾವು ನೋಡಿರಲಿಲ್ಲ. ಅವ್ವ ಸೆರಗು ಬಾಯಿಗೆ ಹಿಡಿದಳು. ನನಗೂ ಅಳು ಬಂತು, ಅದನ್ನು ಮುಚ್ಚಲು ಉಸ್ತಾದನ ಮೇಲೆ ರೇಗಿ ಬೆಲ್ಟು ಹಾಕಲು ಹೇಳಿದೆ.

ಬೆಲ್ಟು ಕಾರಿನದೇ, ಎಲ್ಲ ಕಾರುಗಳಲ್ಲಿ ಇರುವಂಥದ್ದು. ಭುಜದಿಂದ ಎದೆಯ ಮೇಲೆ ಅಡ್ಡ ಬಂದು, ಆಮೇಲೆ ತೊಡೆಯ ಮೇಲೆ ಹಾದು ಪಕ್ಕದ ಕೊಂಡಿಗೆ ಸೇರುತ್ತದೆ. ಅಕ್ಕ ಎಳೆದು ಹಾಕಿದಳು. ಟಕ್ ಎಂದಿತು. ಬೆಲ್ಟು ಹಾಕಿಲ್ಲವೆಂದು ಕೂಗುತ್ತಿದ್ದ ಕಾರಿನ ಕುಂಯ್ ಕುಂಯ್ ನಿಂತಿತು. ಉಸ್ತಾದ್ ಚಪ್ಪಾಳೆ ತಟ್ಟಿ, "ಆತು ನೋಡ್ರಿ ಮೇಡಮ್, ಏಕದಮ್ ಫಿಟ್!" ಎಂದ.

ನಮ್ಮ ಕಡೆ ಬೆಲ್ಟಿನ ಕೆಲಸವೇ ಅದು, ಆ ಕುಂಯ್ ಕುಂಯ್ ನಿಲ್ಲಿಸುವುದು. ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಅದರ ಮೇಲೆ ಒರಗಿ ಕೂಡುವವರೇ ಹೆಚ್ಚು. ಹಾಗಾಗಿ ಟಕ್ ಎಂದ ಮೇಲೂ ಅಕ್ಕ ಕೆಳಗೆ ಬಗ್ಗಿ ನೋಡುತ್ತಿರುವುದು ಉಸ್ತಾದನಿಗೆ ವಿಚಿತ್ರವಾಗಿ ಕಂಡಿರಬೇಕು. ಅಕ್ಕ ತೊಡೆಯ ಮೇಲಿನ ಬೆಲ್ಟಿನ ಕೆಳಗೆ ಕೈ ಹಾಕಿದಳು. ಇಡೀ ಮುಷ್ಟಿ ಒಳಗೆ ಹೋಯಿತು. ಸೊಂಟದ ಎರಡೂ ಬದಿಗೂ ಸೀಟಿನ ಗೋಡೆ ಎದ್ದು ನಿಂತಿತ್ತಲ್ಲ, ಬೆಲ್ಟು ಅದರ ಮೇಲಿಂದ ಇದರ ಮೇಲಕ್ಕೆ ಬಟ್ಟೆ ಒಣಹಾಕುವ ಹಗ್ಗದಂತೆ ಹಾದು ಹೋಗಿತ್ತು. ಅಕ್ಕನ ಮೈಗೆ ಅದು ತಾಗಿಯೇ ಇರಲಿಲ್ಲ.

"ಅದಕ್ಕೇನ್ರಿ," ಎಂದ ಉಸ್ತಾದ್, "ಒಂದು ದಿಂಬು ಹಾಕಿ ಮ್ಯಾಲೆ ಮಾಡಿದ್ರ ಆತು."

ಅವ್ವನಿಗೆ ಅಷ್ಟೇ ಬೇಕಾಗಿತ್ತು. ಕೌದಿ ಮಡಚಿ ಅಕ್ಕನ ಕೆಳಗೆ ಸೇರಿಸಿದಳು. ಅಕ್ಕ ಮೇಲೆ ಬಂದಳು, ಬೆಲ್ಟು ಹೊಟ್ಟೆಗೆ ತಾಗಿತು. ಎಲ್ಲರೂ ಖುಷಿಯಾದರು. ನಾನಂತೂ ಹೊರಡೋಣ ಎಂದು ಚಪ್ಪಲಿ ಮೆಟ್ಟಿಯಾಗಿತ್ತು. ಅಕ್ಕ ಮಾತ್ರ, "ನನ್ನ ಮೊಣಕಾಲು ಹಿಡಿದು ಮುಂದಕ್ಕ ಎಳಿ" ಎಂದಳು. ಎಳೆದೆ. ರೆಕ್ಸಿನ್ ಮೇಲೆ ಕೌದಿ ಸೊಯ್ಯನೆ ಜಾರಿತು. ಅದರ ಸಂಗಡ ಅಕ್ಕನೂ ಜಾರಿದಳು. ಬೆಲ್ಟು ಹೊಟ್ಟೆ ಬಿಟ್ಟು ಎದೆಗೂಡಿನ ಕೆಳಗೆ ಬಂದು ಕುಳಿತಿತು.

"ಬ್ರೇಕ್ ಹೊಡದ್ರ ಹಿಂಗೇ ಆಗ್ತದ," ಎಂದಳು ಅಕ್ಕ. "ಇದು ನಡಿಯಂಗಿಲ್ಲರಿ ಉಸ್ತಾದ್ರ."

ಉಸ್ತಾದನ ಮುಖ ಸಣ್ಣದಾಯಿತು. ಸೀಟಿನ ಬೆನ್ನಿಗೆ ಮೇಲ್ಗಡೆ ಎರಡು ತೂತುಗಳಿದ್ದವು. ಭುಜದ ಬೆಲ್ಟನ್ನು ಅದರೊಳಗಿಂದ ಹಾಯಿಸಿದರೆ ಬಿಗಿಯಾಗುತ್ತದೆ, ಸ್ಟೈಲೂ ಆಗುತ್ತದೆ ಎಂದ. ಆ ತೂತು ರೇಸಿನವರ ಬೇರೆ ನಮೂನೆಯ ಬೆಲ್ಟಿಗೆ, ಇದನ್ನು ಅದರಲ್ಲಿ ಹಾಕಿದರೆ ಸುಲಭವಾಗಿ ಎಳೆದುಕೊಳ್ಳುವುದಿಲ್ಲ, ಭುಜದ ಮೇಲೆ ಸರಿಯಾಗಿ ಕೂಡುವುದೂ ಇಲ್ಲ ಎಂದು ಅಕ್ಕ ಹೇಳಿದಳು. ಅವಳು ಆ ವಾರವೆಲ್ಲ ಫೋನಿನಲ್ಲಿ ಅದನ್ನೇ ಓದಿಕೊಂಡಿದ್ದಳು. ಉಸ್ತಾದ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದ.

"ಇಷ್ಟು ಸೀಟ್ ಹಾಕೀನ್ರಿ, ಒಬ್ಬರೂ ಹಿಂಗ ಕೇಳಿಲ್ಲ. ಬೆಲ್ಟ್ ಅಂದ್ರ ಬೆಲ್ಟ್. ಎಲ್ಲಿ ಇದ್ದರೇನ್ರಿ?"

ನಾನು ಜಗಳಕ್ಕೆ ಬಾಯಿ ತೆರೆದಿದ್ದೆ. ಅಕ್ಕ ನನಗೆ ಕೈ ಸನ್ನೆ ಮಾಡಿ, ಸೀಟಿನಲ್ಲಿ ನೆಟ್ಟಗೆ ಕುಳಿತು, ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳಿಸುವ ದನಿಯಲ್ಲಿ ಕೇಳಿದಳು:

"ಉಸ್ತಾದ್ರ, ಉಡದಾರ ಎಲ್ಲಿ ಕಟ್ತೀರಿ?"

ಉಡದಾರವೆಂದರೆ ಗಂಡಸರು ಸೊಂಟಕ್ಕೆ ಕಟ್ಟಿಕೊಳ್ಳುವ ದಾರ, ಅಂಗಿಯ ಒಳಗಿನ ಮಾತು. ಹೆಣ್ಣುಮಗಳೊಬ್ಬಳು ನಡುಹಗಲು ಸ್ಟೇಷನ್ ರಸ್ತೆಯಲ್ಲಿ ಅದನ್ನು ಕೇಳುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಅವ್ವ, "ಏನ್ ಮಾತಬೇ ಇದು!" ಎಂದು ಕಿವಿ ಮುಚ್ಚಿಕೊಂಡಳು. ಅಕ್ಕ ನಿಲ್ಲಿಸಲಿಲ್ಲ.

"ಹೊಟ್ಟಿ ಮ್ಯಾಲ ಕಟ್ತೀರೇನು? ಇಲ್ಲಲ್ಲ? ಎರಡೂ ಕಡಿ ಎಲುಬು ಇರ್ತಾವಲ್ಲ, ಅದರ ಮ್ಯಾಲ ಕುಂದರ್ತದ. ಉಂಡ್ರೂ ಅಲ್ಲೇ, ಉಪಾಸ ಇದ್ರೂ ಅಲ್ಲೇ. ಈ ಬೆಲ್ಟ್ ಅಲ್ಲೇ ಕುಂದರಬೇಕ್ರಿ. ಹೊಟ್ಟಿ ಮ್ಯಾಲ ಇದ್ರ ಕರಳು ಕೊಯ್ತದ, ಎಲುಬಿನ ಮ್ಯಾಲ ಇದ್ರ ಹಿಡೀತದ."

ಉಸ್ತಾದನ ಕೈ ತಾನಾಗಿ ತನ್ನ ಸೊಂಟಕ್ಕೆ ಹೋಗಿ ಅಂಗಿಯ ಮೇಲಿಂದಲೇ ದಾರ ಹುಡುಕಿತು. ಪಕ್ಕದಲ್ಲಿ ಟಯರು ಬಿಚ್ಚುತ್ತಿದ್ದವನೂ ಮುಟ್ಟಿ ನೋಡಿಕೊಂಡ. ಚಹಾ ಕೊಡಲು ಬಂದಿದ್ದ ಮುದುಕ ಕೆಟಲಿಯನ್ನು ಇನ್ನೊಂದು ಕೈಗೆ ಬದಲಿಸಿ ತನ್ನದನ್ನೂ ನೋಡಿಕೊಂಡ. ಅಷ್ಟೂ ಗಂಡಸರು ಸೊಂಟ ಹಿಡಿದು ನಿಂತದ್ದನ್ನು ನೋಡಿ ಅವ್ವನಿಗೇ ಮೊದಲು ನಗು ಬಂತು. ಆಮೇಲೆ ಉಸ್ತಾದ್ ನಕ್ಕ. ಆ ನಗೆಯಲ್ಲೇ ಅವನ ಠೀವಿ ಇಳಿದು ಕೆಲಸ ಏರಿತು.

"ಸಮಝ್ ಆತ್ರಿ ಮೇಡಮ್. ಉಡದಾರದ ಜಾಗಾ ಬಿಟ್ಟು ಕೊಡ್ತೀನಿ."

ಸೀಟು ಮತ್ತೆ ಹೊರಗೆ ಬಂತು. ಸೊಂಟದ ಬದಿಯ ಗೋಡೆಯನ್ನು ಒತ್ತಿ ನೋಡಿ, ಒಳಗೆ ಕಬ್ಬಿಣವಿಲ್ಲ, ಬರೀ ಸ್ಪಂಜು ಎಂದು ಗಟ್ಟಿ ಮಾಡಿಕೊಂಡು, ಹೊಲಿಗೆ ಬಿಚ್ಚಿದ. ಎರಡೂ ಕಡೆಯ ಸ್ಪಂಜನ್ನು ಸ್ವಲ್ಪ ಸ್ವಲ್ಪವೇ ಕೊಯ್ದು, ಅಕ್ಕನನ್ನು ಕೂಡಿಸಿ ನೋಡಿ, ಮತ್ತೆ ಕೊಯ್ದ. ಪಕ್ಕೆಲುಬಿನ ಹತ್ತಿರದ ಗೋಡೆಗೆ ಕೈ ಹಚ್ಚಲಿಲ್ಲ, ಅಕ್ಕನಿಗೆ ಆಸರೆ ಅದೇ. ಬೆಲ್ಟಿನ ಕೊಂಡಿಯನ್ನು ಅವನು ಮೊದಲು ಒಂದು ತೆಳು ಪಟ್ಟಿಗೆ ಬಿಗಿದಿದ್ದ. ಅಕ್ಕ ಕೇಳುವ ಮೊದಲೇ ಅದನ್ನು ತಾನೇ ಬಿಚ್ಚಿ ಎಸೆದು, ಹಳೆಯ ಸೀಟಿನ ಕೆಳಗಿದ್ದ ಕಂಪನಿಯ ಗಟ್ಟಿ ಕಬ್ಬಿಣವನ್ನು ತಂದು, ಕಂಪನಿಯದೇ ಬೋಲ್ಟಿನಿಂದ ಕೂಡಿಸಿದ. ಕೊನೆಗೆ ಬೆಲ್ಟು ಹಾಕಿದಾಗ ಅದು ಅಕ್ಕನ ಸೊಂಟದ ಎಲುಬುಗಳ ಮೇಲೆ ತೆಪ್ಪಗೆ ಮಲಗಿತು. ಅಕ್ಕ ಬೆರಳು ತೂರಿಸಿ ನೋಡಿದಳು. ಮುಷ್ಟಿ ಹೋಗಲಿಲ್ಲ. ನನ್ನಿಂದ ಮೊಣಕಾಲು ಎಳೆಸಿದಳು. ಜಾರಲಿಲ್ಲ. "ಇದಕ್ಕ ಫಿಟ್ ಅಂತಾರ್ರಿ" ಎಂದಳು. ಉಸ್ತಾದ್ ತನಗೆ ತಾನೇ ಎರಡು ಸಲ ವಾಹ್ ಎಂದುಕೊಂಡ. ಆ ದಿನ ಅವನಿಗೆ ಅದು ಸಲ್ಲುತ್ತಿತ್ತು.

ಮರುದಿನ ಬೆಳಿಗ್ಗೆ ಸುರಪುರದ ಹಾದಿ ಹಿಡಿದೆವು. ನಾನು ರೂಢಿಯಂತೆ ಪಕ್ಕದಲ್ಲಿ. ಹತ್ತಿ ಹೊಲಗಳ ನಡುವಿನ ಒಂದು ತಿರುವಿನಲ್ಲಿ ಕುರಿಯ ಹಿಂಡು ಧುತ್ತೆಂದು ರಸ್ತೆಗೆ ಬಂತು. ಅಕ್ಕ ಸಲಾಕೆ ಒತ್ತಿದಳು. ಕಾರು ಕಿರ್ರೆಂದು ನಿಂತಿತು. ನನ್ನ ಕೈ ಅಡ್ಡ ಹೋಗಿಯೇ ಬಿಟ್ಟಿತ್ತು, ಆದರೆ ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಅಕ್ಕ ಕುಳಿತಲ್ಲೇ ಕುಳಿತಿದ್ದಳು. ಮುಂದಕ್ಕೆ ಮುಗ್ಗರಿಸಿದವಳು ನಾನು.

"ಕೈ ತಗಿ," ಎಂದಳು, "ಕುರಿ ಕಾಣವಲ್ವು."

ಕುರಿ ದಾಟಿದವು. ಕುರುಬ ಕೈಯೆತ್ತಿದ, ಅಕ್ಕನೂ ಎತ್ತಿದಳು. ಸುರಪುರದ ಗುಡ್ಡದ ಏರು ತಿರುವುಗಳಲ್ಲಿ ನಾನು ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತೆ. ಅವು ಏಳದಂತೆ ನೋಡಿಕೊಳ್ಳುವುದೇ ನನಗೆ ದೊಡ್ಡ ಕೆಲಸವಾಗಿತ್ತು. ಬಸ್ ಸ್ಟ್ಯಾಂಡಿನ ಎದುರು ಅಕ್ಕ ಕಾರು ನಿಲ್ಲಿಸಿದಳು. ಶಾಲೆ ಇನ್ನೂ ಮುಂದಿತ್ತು.

"ಇಳಿ."

"ಯಾಕ?"

"ಇಲ್ಲಿಂದ ನಾ ಹೋಗ್ತೀನಿ. ಸಂಜಿಗೂ ಬರಬ್ಯಾಡ."

ಜಗಳ ಮಾಡಬೇಕೆಂದುಕೊಂಡೆ. ಶಾಲೆಯಲ್ಲಿ ಗಾಲಿಕುರ್ಚಿ ತಂದು ನಿಲ್ಲಿಸುವ ಮಕ್ಕಳಿದ್ದರು, ಅವಳು ಇಳಿಯಲು ನಾನು ಬೇಕಾಗಿರಲಿಲ್ಲ. ಇಳಿದೆ. ಬಾಗಿಲು ಹಾಕಿದ್ದೇ ತಡ, ತಿರುಗಿ ಕೂಡ ನೋಡದೆ ಹೊರಟಳು. ಆಟೋಗಳ ನಡುವೆ ನುಸುಳಿ, ಒಂದು ಲಾರಿಗೆ ಹಾರ್ನ್ ಬಾರಿಸಿ, ಎಡಕ್ಕೆ ತಿರುಗಿ ಕಣ್ಮರೆಯಾದಳು. ಅವಳ ತಲೆ ಸೀಟಿನ ಮೇಲೆ ನೆಟ್ಟಗೆ ಇತ್ತು, ಎಳ್ಳಷ್ಟೂ ವಾಲಲಿಲ್ಲ. ನಾನು ಕಂಡ ಜನರಲ್ಲೆಲ್ಲ ಇಷ್ಟು ಗಟ್ಟಿ ಬೆನ್ನಿನವಳು ಇನ್ನೊಬ್ಬಳಿಲ್ಲ ಎಂದು ನನಗೆ ಅಲ್ಲಿ ನಿಂತಾಗ ಅನಿಸಿತು. ಈಗಲೂ ಹಾಗೇ ಅನಿಸುತ್ತದೆ.

ಬಸ್ಸಿಗಾಗಿ ಕಾಯುತ್ತಿದ್ದಾಗ ಅವ್ವನ ಫೋನ್ ಬಂತು.

"ಮುಟ್ಟಿದ್ರೇನು? ಅಕ್ಕ ಎಲ್ಲದಾಳ?"

"ಸಾಲಿಗಿ ಹೋಗ್ಯಾಳ."

"ಜೋಡಿ ಯಾರದಾರ?"

ಸ್ಟ್ಯಾಂಡಿನ ಜನ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ:

"ಯಾರೂ ಇಲ್ಲಬೇ! ಅಕಿ ಜೋಡಿ ಯಾರೂ ಇಲ್ಲ!"