ತಂಬಿಟ್ಟಿಗೆ ಆಗುವ ಕೈ

ದೊಡ್ಡಮ್ಮನ ಬಲಗೈ ಹೆಬ್ಬೆರಳು ಒಂದು ಪಕ್ಕಕ್ಕೆ ಚಪ್ಪಟೆಯಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ತಂಬಿಟ್ಟಿನ ಗುಳಿ ಒತ್ತಿ ಒತ್ತಿ ಆದದ್ದು ಎಂದು ಅವಳೇ ಹೇಳುತ್ತಿದ್ದಳು. ಊರಮ್ಮನಿಗೆ ಆರತಿ ಹೊರುವ ದಿನ ತಂಬಿಟ್ಟನ್ನು ಎತ್ತರಕ್ಕೆ ಕಟ್ಟಿ, ನೆತ್ತಿಯಲ್ಲಿ ಗುಳಿ ಮಾಡಿ, ಅದರಲ್ಲಿ ತುಪ್ಪ, ಬತ್ತಿ ಇಟ್ಟು ದೀಪ ಹಚ್ಚುವುದು ನಮ್ಮ ಕಡೆಯ ಪದ್ಧತಿ. ತೋವಿನಕೆರೆ ಹತ್ತಿರದ ನಮ್ಮೂರಿನಲ್ಲಿ, ನಮ್ಮ ಬೀದಿಯ ಅಷ್ಟೂ ಆರತಿ ತಟ್ಟೆಗಳ ತಂಬಿಟ್ಟಿನ ಗುಳಿ ಆ ಒಂದು ಹೆಬ್ಬೆರಳಿನದು.

ಸ್ವಂತ ದೊಡ್ಡಮ್ಮನಲ್ಲ, ಗೋಡೆಯಾಚೆಯ ಮನೆಯವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಹಬ್ಬ ಬಂತೆಂದರೆ ಹೆಂಗಸರು ಅಕ್ಕಿ, ಬೆಲ್ಲ ತಂದು ಅವಳ ಜಗಲಿಯಲ್ಲಿ ಇಳಿಸುತ್ತಿದ್ದರು. ನೆನೆದ ಅಕ್ಕಿಯನ್ನು ಬಟ್ಟೆಯ ಮೇಲೆ ಹರಡಿ, ಪಸೆ ಪೂರ್ತಿ ಆರುವ ಮೊದಲೇ ಒರಳಿಗೆ ಹಾಕಿ ಕುಟ್ಟಿ, ಜರಡಿ ಹಿಡಿದು, ಬೆಲ್ಲ, ಕೊಬ್ಬರಿ, ಏಲಕ್ಕಿ ಸೇರಿಸಿ ಮತ್ತೆ ಕುಟ್ಟುತ್ತಿದ್ದಳು. ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. "ಊರಮ್ಮಂಗೆ ಹಸೀ ತಂಬಿಟ್ಟೇ ಆಗ್ಬೇಕು. ಪಾಕ ಎತ್ತಿ ಕಟ್ಟಿದ್ರೆ ಅದು ಬರೀ ಉಂಡೆ ಕಣಮ್ಮ" ಎನ್ನುವಳು. ನಾನು ರುಚಿ ನೋಡಲು ಕೈ ಚಾಚಿದರೆ, "ಲೇ, ಅಮ್ಮಂಗಿಂತ ಮುಂಚೆ ನಿಂಗೇನೇ?" ಎಂದು ಗದರಿ, ಒರಳಿನ ಅಂಚಿಗೆ ಅಂಟಿದ್ದನ್ನು ಕೆರೆದು ಕೊಡುವಳು.

ಈಗ ಆ ತಂಬಿಟ್ಟಿಗೆ ಬಂದಿರುವ ಮೆರವಣಿಗೆ ನೋಡಿದರೆ ಮೈ ಉರಿಯುತ್ತದೆ. ಶಿರಾದಿಂದ ಮಧುಗಿರಿವರೆಗೆ ಯಾವ ಬೇಕರಿಗೆ ಹೋದರೂ ತಂಬಿಟ್ಟಿನ ಡಬ್ಬಿ. ಮೊಬೈಲಿನಲ್ಲಿ ಯಾರೋ ಒಬ್ಬ, ಇದು ಅರಮನೆಯ ಅಡುಗೆಮನೆಯಲ್ಲಿ ಹುಟ್ಟಿದ ತಿಂಡಿ ಎಂದು ಕಥೆ ಹೊಡೆಯುತ್ತಾನೆ. ಯಾವ ಅರಮನೆಯಪ್ಪಾ? ಒರಳು, ಒನಕೆ, ಹೆಂಗಸರ ರಟ್ಟೆ, ಇಷ್ಟೇ ಅದರ ಚರಿತ್ರೆ. ಡಬ್ಬಿಯ ಮೇಲೊಂದು ಅಜ್ಜಿಯ ಚಿತ್ರ. ಕಾಸಗಲ ಕುಂಕುಮ, ಕೈತುಂಬ ಬಳೆ. ಕುಟ್ಟಿದವಳ ಹಣೆ ಬರಿದಾಗಿತ್ತು ಎನ್ನುವುದು ಚಿತ್ರ ಬರೆದವನಿಗೆ ಗೊತ್ತಿಲ್ಲ, ಬಿಡಿ. ಗೊತ್ತಿದ್ದ ನಮ್ಮೂರಿನವರೇನು ಕಡಿಮೆಯೆ?

ಕುಟ್ಟುವುದಕ್ಕೆ ಬೇಕಾಗಿದ್ದ ಆ ಕೈ ಆರತಿ ಹೊರುವುದಕ್ಕೆ ಆಗುತ್ತಿರಲಿಲ್ಲ. ಗಂಡ ಸತ್ತವಳು ಹೊರಬಾರದಂತೆ. ತಟ್ಟೆಗಳೆಲ್ಲ ಹೊರಟ ಮೇಲೆ ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುವಳು. ಒಂದು ವರ್ಷ ಅದೇನು ಮನಸ್ಸಿಗೆ ಬಂತೋ, ತನಗೂ ಒಂದು ತಂಬಿಟ್ಟು ಕಟ್ಟಿ, ದೀಪ ಹಚ್ಚಿ, ತಟ್ಟೆ ಹಿಡಿದು ಸಾಲಿಗೆ ಬಂದು ನಿಂತಳು. ಊರಿನ ಯಜಮಾನರು ತಮಟೆ ನಿಲ್ಲಿಸಿದರು.

"ನೀನು ಹೊರಂಗಿಲ್ಲ ಅಂತ ಗೊತ್ತಿಲ್ವೇನಮ್ಮ? ಊರಿಗೆ ಕೆಟ್ಟದಾಯ್ತದೆ. ಕೆಳಗಿಡು."

"ಇಡ್ತೀನಿ ಕಣಪ್ಪ" ಎಂದಳು ದೊಡ್ಡಮ್ಮ. "ಈ ಕೈ ಆಗಕಿಲ್ಲ ಅಂದ್ರೆ ಈ ಕೈ ಮಾಡಿದ್ದೂ ಆಗಕಿಲ್ಲ. ಎಲ್ಲಾರೂ ಇಟ್ಬುಡಿ. ಅಷ್ಟೂ ನಾನೇ ಕುಟ್ಟಿರೋದು, ನಾನೇ ಗುಳಿ ಒತ್ತಿರೋದು."

ಮೊದಲು ತಟ್ಟೆ ಕೆಳಗಿಟ್ಟವಳು ನನ್ನ ಅಮ್ಮ. ಆಮೇಲೆ ಅವಳ ಪಕ್ಕದವಳು. ನೋಡನೋಡುತ್ತ ಎಲ್ಲರ ದೀಪಗಳೂ ನೆಲದ ಮೇಲೆ ಉರಿಯುತ್ತಿದ್ದವು. ಯಜಮಾನರು ಒಂದು ಸಲ ತಟ್ಟೆಗಳನ್ನು ನೋಡಿದರು, ಒಂದು ಸಲ ಗುಡಿಯ ಕಡೆ ನೋಡಿದರು. ಆರತಿಯೇ ಇಲ್ಲದೆ ಊರಮ್ಮನ ಮುಂದೆ ಹೋಗಿ ನಿಲ್ಲುವ ಧೈರ್ಯ ಅವರಿಗೆಲ್ಲಿತ್ತು? "ಏನಾರ ಮಾಡ್ಕೊಂಡು ಹಾಳಾಗೋಗಿ" ಎಂದು ಪಕ್ಕಕ್ಕೆ ಸರಿದರು. ತಮಟೆ ಮತ್ತೆ ಶುರುವಾಯಿತು. ದೊಡ್ಡಮ್ಮ ಎಲ್ಲರಿಗಿಂತ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಉಳಿಯಲಿಲ್ಲ. ನಡುವೆ ನಡೆದಳು.

ಸಾಯುವವರೆಗೂ ಪ್ರತಿವರ್ಷ ಹೊತ್ತಳು. ಊರಿಗೆ ಕೆಟ್ಟದ್ದೇನೂ ಆಗಲಿಲ್ಲ. ಮಳೆ ಬರುವ ವರ್ಷ ಬಂತು, ಬಾರದ ವರ್ಷ ಬರಲಿಲ್ಲ, ಎಂದಿನ ಹಾಗೆ.

ನಾನು ಮದುವೆಯಾಗಿ ಶಿರಾ ಕಡೆಗೆ ಬಂದವಳು. ಇಲ್ಲಿ ಬೀದಿಗೆಲ್ಲ ತಂಬಿಟ್ಟು ಕಟ್ಟಿಕೊಡುತ್ತಿದ್ದದ್ದು ನಾನೇ, ದೊಡ್ಡಮ್ಮ ಕಲಿಸಿದ ಹಾಗೆ. ಹೋದ ವರ್ಷ ನನ್ನ ಗಂಡ ತೀರಿಕೊಂಡರು. ಈ ಸಲ ಆರತಿ ಹತ್ತಿರ ಬಂದಾಗ ಎದುರುಮನೆಯಾಕೆ ಬಂದು, "ನೀವ್ಯಾಕೆ ಕಷ್ಟ ಪಡ್ತೀರಕ್ಕ? ಈ ಸಲ ಬೇಕರಿಯಿಂದ ಡಬ್ಬಿ ತರಿಸ್ಕೊತೀವಿ ಬುಡಿ" ಎಂದಳು. ಮಾತು ಬೆಣ್ಣೆ. ಕಣ್ಣು ಮಾತ್ರ ನನ್ನ ಹಣೆಯ ಮೇಲಿತ್ತು.

ತರಿಸಿಕೊಳ್ಳಲಿ. ನಾನು ಅಕ್ಕಿ ನೆನೆಹಾಕಿದೆ. ಒರಳಿನ ಸದ್ದು ಬೀದಿಗೆಲ್ಲ ಕೇಳಲೆಂದು ಬಾಗಿಲು ತೆರೆದಿಟ್ಟೇ ಕುಟ್ಟಿದೆ. ಒಂದೇ ಒಂದು ತಂಬಿಟ್ಟು ಕಟ್ಟಿ, ಗುಳಿ ಒತ್ತಿ, ದೀಪ ಹಚ್ಚಿದೆ. ಕೆಳಗಿಡು ಎನ್ನುವವರು ಯಾರಿದ್ದಾರೋ ಅನ್ನಲಿ, ನೋಡೇಬಿಡೋಣ ಎಂದುಕೊಂಡೆ. ಡಬ್ಬಿಯ ತಂಬಿಟ್ಟುಗಳು ಸಾಲಾಗಿ ನಮ್ಮ ಮನೆ ಮುಂದೆ ಬಂದಾಗ ತಟ್ಟೆ ಹಿಡಿದು ಹೊಸಿಲು ದಾಟಿ, ನಡುವೆಯೇ ಸೇರಿಕೊಂಡೆ.