ಶೇಕ್ಷಾವಲಿ ಹಾಕಿದ ಸುಣ್ಣದ ಗೆರೆ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಯಂತ್ರ ಕೆಟ್ಟರೆ ಮೊದಲು ಕರೆ ಹೋಗುತ್ತಿದ್ದುದು ಫಿಟ್ಟರ್ ಶೇಕ್ಷಾವಲಿಗೆ. ಅವನು ಬಂದವನೇ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಯಂತ್ರಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಯಾವ ಬೇರಿಂಗು ಹೋಗಿದೆಯೆಂದು ಹೇಳುತ್ತಿದ್ದ. ಹೊಸ ಯಂತ್ರ ಬಂದಾಗ ಪಾಯಕ್ಕೆ ಸುಣ್ಣದ ಗೆರೆ ಹಾಕುವವನೂ ಅವನೇ. ಯಂತ್ರ ನಡೆಸುವವನ ಕೈಯಿಂದಲೇ ಗೆರೆ ಬೀಳಬೇಕೆಂಬುದು ಅಲ್ಲಿನ ಸಾಹುಕಾರರ ನಂಬಿಕೆ. ಅಂಥ ಇಪ್ಪತ್ತೆರಡು ಗೆರೆ ಹಾಕಿದ್ದ, ಒಂದು ಪಾಯವೂ ಬಿರುಕು ಬಿಟ್ಟಿರಲಿಲ್ಲ. ಇದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಐವತ್ತೈದು ದಾಟಿದ ಮೇಲೆ ಕಿವಿ ಕೈಕೊಟ್ಟಿತು. ಮಾತೆಲ್ಲ ಚೆನ್ನಾಗಿಯೇ ಕೇಳುತ್ತಿತ್ತು, ಸಲಾಕೆಯೊಳಗಿಂದ ಬರುವ ಸಣ್ಣ ಕಿರುಗುಟ್ಟುವಿಕೆ ಮಾತ್ರ ನಿಂತುಹೋಯಿತು. ಇದು ಹೆಂಡತಿ ಹಲೀಮಾ ಬೀಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಿ ಬೇರೆ ಕೆಲಸ ನೋಡಿಕೊಳ್ಳಿ ಎಂದು ಅವಳು ಬಡಕೊಂಡಳು. ಅವನು ಕೇಳಲಿಲ್ಲ. ಹಿಂದಿನಂತೆಯೇ ಸಲಾಕೆ ಒತ್ತುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಊಹೆಯ ಮೇಲೆ ಬೇರಿಂಗಿನ ಹೆಸರು ಹೇಳುತ್ತಿದ್ದ. ಅನುಭವ ದೊಡ್ಡದು, ಹತ್ತಕ್ಕೆ ಎಂಟು ಸರಿಯಾಗುತ್ತಿತ್ತು.

ಎರಡು ಸಾವಿರದ ಎರಡರಲ್ಲಿ ಸಾಹುಕಾರ ಓಂಕಾರಮೂರ್ತಿ ಬಿ.ಜಿ. ಕೆರೆ ದಾರಿಯಲ್ಲಿ ಶೇಂಗಾ ಹೊಟ್ಟು ಉರಿಸಿ ಕರೆಂಟು ಮಾಡುವ ಕಾರ್ಖಾನೆ ಹಾಕಲು ಹೊರಟ. ಯಂತ್ರ ಕೂರಿಸುವ ಕಂಪನಿಯವರು ಕಳಿಸಿದ ಇಂಜಿನಿಯರ್ ತ್ರಿವೇಣಿ, ಮೊಳಕಾಲ್ಮೂರಿನ ಜವಳಿ ವ್ಯಾಪಾರಿ ಶಿವಮೂರ್ತಪ್ಪನ ಮಗಳು. ಬಂದ ಮೊದಲ ವಾರವೇ ಒಂದು ಎಡವಟ್ಟಾಯಿತು. ಬಾವಿಯ ಪಂಪಿಗೆ ಸಲಾಕೆ ಒತ್ತಿ ಶೇಕ್ಷಾವಲಿ ಚೆನ್ನಾಗಿದೆ ಎಂದ. ಹುಡುಗಿ ತನ್ನ ಮೀಟರು ಹಿಡಿದು, ಇಲ್ಲ ಸಾಬ್ರೇ, ಬೇರಿಂಗು ಹೋಗಿದೆ ಎಂದಳು. ಬಿಚ್ಚಿದರೆ ಹೋಗಿಯೇ ಇತ್ತು. ಅವಳು ನಗಲಿಲ್ಲ, ಆಡಿಕೊಳ್ಳಲಿಲ್ಲ. ನಕ್ಕವರು ಕೂಲಿಯವರು. ಆದರೆ ಶೇಕ್ಷಾವಲಿಯ ಹೊಟ್ಟೆಯೊಳಗೆ ಕಿಚ್ಚು ಹೊತ್ತಿದ್ದು ಅವಳ ಮೇಲೆ.

ಆಮೇಲೆ ಬಂತು ಕಂಡೆನ್ಸರಿನ ಪ್ರಶ್ನೆ. ಟರ್ಬೈನು ತಿರುಗಿಸಿ ಹೊರಬಂದ ಹಬೆಯನ್ನು ತಣ್ಣಗಾಗಿಸಿ ಮತ್ತೆ ನೀರು ಮಾಡುವ ದೊಡ್ಡ ಪೀಪಾಯಿ ಅದು. ತ್ರಿವೇಣಿಯ ನಕ್ಷೆಯಲ್ಲಿ ಟರ್ಬೈನು ಎತ್ತರದ ಕಾಂಕ್ರೀಟು ಕಂಬಗಳ ಮೇಲೆ, ಕಂಡೆನ್ಸರು ಅದರ ಕೆಳಗೆ. ಓಂಕಾರಮೂರ್ತಿಗೆ ಕಂಬ ಏಳಿಸುವಷ್ಟು ತಾಳ್ಮೆಯಿಲ್ಲ. ಹೊಸ ಹೊಟ್ಟು ಬರುವುದರೊಳಗೆ ಯಂತ್ರ ತಿರುಗಬೇಕು. ಎರಡನ್ನೂ ಒಂದೇ ನೆಲದ ಮೇಲೆ ಅಕ್ಕಪಕ್ಕ ಇಟ್ಟರಾಯಿತಲ್ಲ ಎಂದ. ಇಡಬಹುದು, ಆದರೆ ಕಂಡೆನ್ಸರಿನ ನೀರು ಹೊರಗೆತ್ತುವ ಕರೆಂಟಿನ ಪಂಪು ನಿಂತರೆ ಅದು ತುಂಬಿ ನೀರು ನೇರವಾಗಿ ಟರ್ಬೈನಿನ ರೆಕ್ಕೆಗೆ ಹೋಗುತ್ತದೆ, ಕೆಳಗಿದ್ದರೆ ಅಷ್ಟೆತ್ತರ ಏರುವುದರೊಳಗೆ ಯಾರಾದರೂ ನೋಡಿಯಾರು ಎಂದು ಅವಳು ಬಿಡಿಸಿ ಹೇಳಿದಳು. ಕೊನೆಗೆ ಶೇಕ್ಷಾವಲಿಯ ಕಡೆ ತಿರುಗಿದಳು.

"ನೀವೇ ಹೇಳ್ರಿ ಸಾಬ್ರೇ. ಇಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗ್ತೈತೆ?"

ಆ ಸೀಮೆಯ ಕರೆಂಟಿನ ಹಣೆಬರಹ ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೂರು ಸಲ, ಕೆಲವು ದಿನ ಆರು ಸಲ. ಅವಳು ಹೇಳಿದ್ದು ಸರಿ ಎಂಬುದೂ ಅವನಿಗೆ ಅಲ್ಲೇ ಹೊಳೆದಿತ್ತು. ಸುತ್ತ ಅದೇ ಕೂಲಿಯವರು ನಿಂತಿದ್ದರು.

"ಕರೆಂಟು ಮಾಡೋ ಜಾಗದಾಗೇ ಕರೆಂಟು ಯಾಕಮ್ಮ ಹೋಗ್ತೈತೆ?" ಎಂದ.

ಎಲ್ಲರೂ ಗೊಳ್ಳೆಂದು ನಕ್ಕರು. ಈ ಸಲ ನಗು ಅವನ ಕಡೆಗಿತ್ತು. ಸಾಹುಕಾರ ಬೆನ್ನು ತಟ್ಟಿ ಸುಣ್ಣದ ಡಬ್ಬಿ ಕೈಗಿತ್ತ. ಶೇಕ್ಷಾವಲಿ ಬಗ್ಗಿ, ನೆಟ್ಟಗೆ, ಒಂದೇ ನೆಲದ ಮೇಲೆ ಎರಡಕ್ಕೂ ಗೆರೆ ಎಳೆದ. ಅದು ಇಪ್ಪತ್ಮೂರನೆಯದು. ಕಂಪನಿಯವರು ಸಾಹುಕಾರ ಹೇಳಿದಂತೆ ನಕ್ಷೆ ಬದಲಿಸಿ, ತ್ರಿವೇಣಿಯ ಕೈಯಲ್ಲೇ ಸಹಿ ಹಾಕಿಸಿದರು.

ಒಂದೂವರೆ ವರ್ಷ ಏನೂ ಆಗಲಿಲ್ಲ. ಶೇಕ್ಷಾವಲಿ ಅದನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡ. ಆಮೇಲೊಂದು ಮಧ್ಯಾಹ್ನ ಹೊರಗಿನ ಲೈನು ಹೋಗಿ ಎಲ್ಲ ನಿಂತಿತು. ಕರೆಂಟು ಬಂದ ಕೂಡಲೇ ಅವಸರದಲ್ಲಿ ಟರ್ಬೈನಿಗೆ ಹಬೆ ಬಿಟ್ಟರು, ನೀರೆತ್ತುವ ಪಂಪು ಇನ್ನೂ ಶುರುವಾಗಿರಲಿಲ್ಲ. ಕಂಡೆನ್ಸರು ತುಂಬಿತು. ಶೇಕ್ಷಾವಲಿ ಪಕ್ಕದಲ್ಲೇ ಸಲಾಕೆ ಒತ್ತಿ ಕೂತಿದ್ದ, ಏನೂ ಕೇಳಿಸಲಿಲ್ಲ. ರೆಕ್ಕೆಗಳು ಮುರಿದ ಸದ್ದು ಮಾತ್ರ ರಸ್ತೆಯವರೆಗೂ ಕೇಳಿಸಿತು. ದೇವರು ದೊಡ್ಡವನು, ಯಾರಿಗೂ ಪೆಟ್ಟಾಗಲಿಲ್ಲ.

ಕಂಡೆನ್ಸರು ತಪ್ಪು ಜಾಗದಲ್ಲಿಟ್ಟವಳು ನಿಮ್ಮ ಇಂಜಿನಿಯರು ಎಂದು ಓಂಕಾರಮೂರ್ತಿ ಕಂಪನಿಗೆ ಬರೆದ. ವಿಚಾರಣೆಗೆ ಕಂಪನಿಯ ಮೂವರು ಹಿರಿಯರು ಬಂದು ಸಾಹುಕಾರನ ಎಣ್ಣೆ ಮಿಲ್ಲಿನ ಜಗಲಿಯಲ್ಲಿ ಕೂತರು. ಕಾಗದದ ಮೇಲೆ ತ್ರಿವೇಣಿಯ ಸಹಿ ಇತ್ತು. ಬೇಡವೆಂದು ಅವಳು ಹೇಳಿದ್ದು ಮಾತಿನಲ್ಲಿ ಮಾತ್ರ. ಆ ದಿನದ ಕೂಲಿಯವರು ಎಲ್ಲೆಲ್ಲಿಗೋ ಹೋಗಿದ್ದರು. ಉಳಿದ ಸಾಕ್ಷಿ ಒಬ್ಬನೇ.

"ಕೆಳಗಿಡ್ರಿ ಅಂತ ನಾನು ಅಂದಿದ್ನಲ್ಲ ಸಾಬ್ರೇ," ಎಂದಳು ತ್ರಿವೇಣಿ. "ಅಷ್ಟು ಹೇಳ್ರಿ ಸಾಕು. ಮತ್ತೇನೂ ಬ್ಯಾಡ."

ಅಷ್ಟು ಹೇಳಿದರೆ ಮುಂದಿನ ಪ್ರಶ್ನೆ, ಹಾಗಾದರೆ ಗೆರೆ ಹಾಕಿದವರು ಯಾರು ಎಂದು. ಸಾಹುಕಾರ ಅವನನ್ನೇ ನೋಡುತ್ತಿದ್ದ. ಶೇಕ್ಷಾವಲಿ ಆರು ವರ್ಷದಿಂದ ಬಚ್ಚಿಟ್ಟುಕೊಂಡಿದ್ದ ಕಿವಿಯ ಮೇಲೆ ತಾನಾಗಿಯೇ ಕೈ ಇಟ್ಟುಕೊಂಡ.

"ಏನಂದ್ರೋ ಏನೋ. ನನಗೆ ಕಿವಿ ಕೇಳಂಗಿಲ್ಲ ಸ್ವಾಮಿ, ಭಾಳ ವರ್ಷಾತು."

ಛೀ, ಅದೆಂಥ ಸುಳ್ಳು! ಆ ಹುಡುಗಿ ಚೀಲ ಎತ್ತಿಕೊಂಡು ಹೋದಳು. ತಿಂಗಳೊಳಗೆ ಅವಳ ಕೆಲಸ ಹೋಯಿತು.

ಕಿವುಡ ಫಿಟ್ಟರನ್ನು ಯಾವ ಮಿಲ್ಲು ಕರೆದೀತು? ಜಗಲಿಯ ಮಾತು ಸಂಜೆಗೆಲ್ಲ ಪೇಟೆ ಸುತ್ತಿತು. ಸಲಾಕೆ ಮೂಲೆ ಸೇರಿತು, ಸುಣ್ಣದ ಡಬ್ಬಿ ಬೇರೆಯವರ ಕೈಗೆ ಹೋಯಿತು. ಅವನೊಡನೆ ಜನ ಕೂಗಿ ಮಾತಾಡತೊಡಗಿದರು, ಇಲ್ಲವೇ ಅವನೆದುರಿಗೇ ಅವನ ಬಗ್ಗೆ ಮಾತಾಡಿಕೊಂಡರು. ಅಷ್ಟೂ ಕೇಳುತ್ತಿತ್ತು. ಹಲೀಮಾ ಬೀ ಒಬ್ಬಳೇ ಕೂಗುತ್ತಿರಲಿಲ್ಲ, ಅವಳಂತೂ ಮಾತೇ ಕಡಿಮೆ ಮಾಡಿದ್ದಳು.

ಮರುವರ್ಷ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ತ್ರಿವೇಣಿ ಕಂಡಳು. ಮೊಳಕಾಲ್ಮೂರಿನ ಬಸ್ಸಿಗೆ ನಿಂತಿದ್ದವಳು ಅವನನ್ನು ನೋಡಿ ಹತ್ತಿರ ಬಂದಳು. ಅಪ್ಪನ ಜವಳಿ ಅಂಗಡಿಯಲ್ಲಿ ಕೂರುತ್ತಾಳೆಂದು ಅವನು ಕೇಳಿದ್ದ. ಎಲ್ಲರಂತೆ ಅವಳು ಕೂಗಲಿಲ್ಲ, ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದಳು:

"ನಿಮಗೆ ಕೇಳ್ತೈತೆ ಅಲ್ವಾ ಸಾಬ್ರೇ?"

ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು, ಆ ಗದ್ದಲದಲ್ಲೂ ಒಂದೊಂದು ಅಕ್ಷರ ಕಿವಿಗೆ ಬಿತ್ತು. ಹೂಂ ಎಂದರೆ ಸಾಕಿತ್ತು. ಶೇಕ್ಷಾವಲಿ ಬಸ್ಸಿನ ಬೋರ್ಡು ಓದುವವನಂತೆ ಮುಖ ಮೇಲೆತ್ತಿ ನಿಂತ. ಅವಳ ಬಸ್ಸು ಹೊರಟುಹೋಗುವವರೆಗೂ ಕತ್ತು ಇಳಿಸಲಿಲ್ಲ.